ಆಟದ ಮಧ್ಯೆ ಹೃದಯ ನಿಂತರೆ: ಮೊದಲ ಮೂರು ನಿಮಿಷದ ಹೊಣೆ ಯಾರದು?

ಇವತ್ತಿನ ಸಂಚಿಕೆಗೆ ಅತಿಥಿಗಳಿಲ್ಲ, ನಾನೊಬ್ಬಳೇ. ಸಾಮಾನ್ಯವಾಗಿ ಇಲ್ಲಿ ನಾವು ವಿಜ್ಞಾನವನ್ನು ವಿವರಿಸಿ, ಅಭಿಪ್ರಾಯವನ್ನು ನಿಮಗೇ ಬಿಡ್ತೀವಿ. ಇವತ್ತು ವಿಜ್ಞಾನದ ಜೊತೆಗೆ ನನ್ನದೊಂದು ವಾದವೂ ಇದೆ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ: ನಾನು ಜೀವವಿಜ್ಞಾನದಲ್ಲಿ ಸಂಶೋಧನೆ ಮಾಡುವವಳು, ಹೆಸರಿನ ಹಿಂದೆ ಡಾಕ್ಟರ್ ಅಂತ ಇದ್ದರೂ ವೈದ್ಯೆ ಅಲ್ಲ. ನಿಮ್ಮ ಹೃದಯದ ಬಗ್ಗೆ ಸಲಹೆ ಬೇಕಾದರೆ ನಿಮ್ಮ ವೈದ್ಯರನ್ನೇ ಕೇಳಬೇಕು.

ವಿಷಯ ಇದು. ಆಟಗಾರರೊಬ್ಬರು ಆಡ್ತಾ ಆಡ್ತಾ ಕುಸಿದು ಬೀಳ್ತಾರೆ, ಹೃದಯ ನಿಂತುಹೋಗುತ್ತೆ. ಇಂಥ ಸುದ್ದಿ ಬಂದಾಗಲೆಲ್ಲ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ: "ಅಷ್ಟು ಗಟ್ಟಿಮುಟ್ಟಾಗಿದ್ದವರಿಗೆ ಹೀಗ್ಯಾಕಾಯ್ತು?" ಸಹಜವಾದ ಪ್ರಶ್ನೆಯೇ. ಆದರೆ ಅವರು ಬದುಕುತ್ತಾರಾ, ಬದುಕಿದರೂ ಮೊದಲಿನ ಹಾಗೆ ಆಗುತ್ತಾರಾ ಅನ್ನೋದು ಬಹುಮಟ್ಟಿಗೆ ಬೇರೆಯೇ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಬಿದ್ದಾಗ ಪಕ್ಕದಲ್ಲಿ ಯಾರಿದ್ದರು? ಮೊದಲ ಮೂರು ನಿಮಿಷದಲ್ಲಿ ಅವರು ಏನು ಮಾಡಿದರು? ಈ ಪ್ರಶ್ನೆಯನ್ನು ನಾವು ಕೇಳೋದೇ ಇಲ್ಲ ಅನ್ನುವುದು ನನ್ನ ತಕರಾರು.

ನಾಲ್ಕು ಫುಟ್‌ಬಾಲ್ ಆಟಗಾರರ ಕಥೆಯನ್ನು ಒಂದರ ಪಕ್ಕ ಒಂದು ಇಟ್ಟು ನೋಡೋಣ.

2003ರ ಜೂನ್ 26, ಫ್ರಾನ್ಸಿನ ಲಿಯಾನ್ ನಗರ. ಕ್ಯಾಮರೂನ್ ಮತ್ತು ಕೊಲಂಬಿಯಾ ನಡುವೆ ಕಾನ್ಫೆಡರೇಷನ್ಸ್ ಕಪ್ ಸೆಮಿಫೈನಲ್. 28 ವರ್ಷದ ಮಾರ್ಕ್ ವಿವಿಯನ್ ಫೋಯೆ ಮೈದಾನದ ನಡುವೆ ಕುಸಿದರು. ಹತ್ತಿರ ಯಾರೂ ಇರಲಿಲ್ಲ, ಯಾರೂ ಡಿಕ್ಕಿ ಹೊಡೆದಿರಲಿಲ್ಲ. ಸ್ಟ್ರೆಚರ್ ಮೇಲೆ ಹೊರಗೆ ಒಯ್ದು ಸುಮಾರು 45 ನಿಮಿಷ ಪ್ರಯತ್ನಪಟ್ಟರು, ಉಳಿಯಲಿಲ್ಲ. ಹೃದಯದ ಸ್ನಾಯು ಅಸಹಜವಾಗಿ ದಪ್ಪವಾಗುವ, ವಂಶವಾಹಿಗಳ ಮೂಲಕ ಬರುವ ಕಾಯಿಲೆ ಅವರಿಗಿತ್ತು ಅಂತ ಆಮೇಲೆ ಗೊತ್ತಾಯ್ತು.

2012ರ ಮಾರ್ಚ್ 17, ಲಂಡನ್. ಬೋಲ್ಟನ್ ತಂಡದ ಫ್ಯಾಬ್ರಿಸ್ ಮುವಾಂಬಾ, 23 ವರ್ಷ. ಬಿದ್ದ ಜಾಗದಲ್ಲೇ ಎದೆ ಒತ್ತುವುದನ್ನು ಶುರುಮಾಡಿದರು. ಪ್ರೇಕ್ಷಕರ ನಡುವೆ ಕೂತಿದ್ದ ಹೃದ್ರೋಗ ತಜ್ಞ ಆಂಡ್ರ್ಯೂ ಡೀನರ್ ಮೈದಾನಕ್ಕೆ ಇಳಿದು ಬಂದರು. ಒಟ್ಟು 15 ಸಲ ವಿದ್ಯುತ್ ಆಘಾತ ಕೊಡಬೇಕಾಯ್ತು. 78 ನಿಮಿಷ ಆ ಹೃದಯ ತಾನಾಗಿ ಬಡಿಯಲಿಲ್ಲ. ಇನ್ನೊಮ್ಮೆ ಹೇಳ್ತೀನಿ, 78 ನಿಮಿಷ. ಆದರೂ ಮುವಾಂಬಾ ಬದುಕಿದರು. ಆಟ ಬಿಡಬೇಕಾಯ್ತು, ಆದರೆ ಮಾತು, ನೆನಪು, ನಡಿಗೆ ಎಲ್ಲ ಉಳಿಯಿತು.

2017ರ ಜುಲೈ 8, ಆಸ್ಟ್ರಿಯಾ. ಆಯಾಕ್ಸ್ ತಂಡದ ಅಬ್ದೆಲ್‌ಹಕ್ ನೂರಿ, 20 ವರ್ಷ, ಸೌಹಾರ್ದ ಪಂದ್ಯದಲ್ಲಿ ಬಿದ್ದರು. ಅಲ್ಲೂ ತಂಡದ ವೈದ್ಯರಿದ್ದರು. ಜೀವ ಉಳಿಯಿತು, ಆದರೆ ಮಿದುಳಿಗೆ ಸರಿಪಡಿಸಲಾಗದ ಹಾನಿಯಾಯ್ತು. ಮೈದಾನದಲ್ಲಿ ಕೊಟ್ಟ ಚಿಕಿತ್ಸೆ ಸಾಲಲಿಲ್ಲ, ಡಿಫಿಬ್ರಿಲೇಟರ್ ಇನ್ನೂ ಬೇಗ ಬಳಸಬೇಕಿತ್ತು ಅಂತ ಮರುವರ್ಷ ಕ್ಲಬ್ಬೇ ಬಹಿರಂಗವಾಗಿ ಒಪ್ಪಿಕೊಂಡಿತು.

2021ರ ಜೂನ್ 12, ಕೋಪನ್‌ಹೇಗನ್. ಡೆನ್ಮಾರ್ಕಿನ ಕ್ರಿಸ್ಟಿಯನ್ ಎರಿಕ್ಸನ್, 29 ವರ್ಷ. ರೆಫರಿ ಆ ಕ್ಷಣವೇ ಆಟ ನಿಲ್ಲಿಸಿ ವೈದ್ಯರನ್ನು ಕರೆದರು. ಸಹ ಆಟಗಾರರು ಸುತ್ತ ಗೋಡೆಯ ಹಾಗೆ ನಿಂತರು. ಸಿಪಿಆರ್ ಆಯ್ತು, ಒಂದೇ ಒಂದು ಆಘಾತಕ್ಕೆ ಹೃದಯ ಮರಳಿತು. ಮೈದಾನದಿಂದ ಹೊರಗೆ ಒಯ್ಯುವಾಗ ಅವರಿಗೆ ಎಚ್ಚರವಿತ್ತು. ಮುಂದೆ ಎದೆಯೊಳಗೆ ಐಸಿಡಿ ಅನ್ನುವ ಚಿಕ್ಕ ಡಿಫಿಬ್ರಿಲೇಟರ್ ಹಾಕಿಸಿಕೊಂಡರು. ಅದನ್ನು ಇಟ್ಟುಕೊಂಡು ಇಟಲಿಯ ಲೀಗ್‌ನಲ್ಲಿ ಆಡಲು ಅನುಮತಿ ಇಲ್ಲದ ಕಾರಣ ಇಂಗ್ಲೆಂಡಿಗೆ ಹೋಗಿ 2022ರ ಫೆಬ್ರವರಿಯಲ್ಲಿ ಮತ್ತೆ ಆಟಕ್ಕಿಳಿದರು. 2024ರ ಯೂರೋ ಕಪ್‌ನಲ್ಲಿ, ಇಲ್ಲೇ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ, ಸ್ಲೊವೇನಿಯಾ ವಿರುದ್ಧ ಗೋಲು ಹೊಡೆದರು.

ನಾಲ್ವರೂ ಯುವಕರು, ನಾಲ್ವರೂ ವೃತ್ತಿಪರರು. ಒಬ್ಬರು ತೀರಿಕೊಂಡರು, ಒಬ್ಬರು ಬದುಕಿ ಆಟ ಬಿಟ್ಟರು, ಒಬ್ಬರು ಬದುಕಿಯೂ ಮಾತು ಕಳೆದುಕೊಂಡರು, ಒಬ್ಬರು ಮರಳಿ ಗೋಲು ಹೊಡೆದರು. ಅವರವರ ಹೃದಯದ ಸಮಸ್ಯೆ ಬೇರೆ ಬೇರೆ ಇರಬಹುದು, ನಿಜ. ಆದರೆ ಮುವಾಂಬಾ ಮತ್ತು ನೂರಿ ನಡುವಿನ ವ್ಯತ್ಯಾಸ ಗಮನಿಸಿ. 78 ನಿಮಿಷ ಹೃದಯ ನಿಂತವರ ಮಿದುಳು ಉಳಿಯಿತು, ಯಾಕೆ? ಯಾರೋ ಒಬ್ಬರ ಕೈ ಒಂದು ನಿಮಿಷವೂ ಬಿಡದೆ ಅವರ ಹೃದಯದ ಕೆಲಸ ಮಾಡ್ತಾ ಇತ್ತು.

ಈಗ ಸ್ವಲ್ಪ ಜೀವಶಾಸ್ತ್ರ. ಕಾಂಡಕೋಶಗಳಿಂದ ಹೃದಯದ ಸ್ನಾಯುಕೋಶಗಳನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಬಹುದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಯಾರ ಅಪ್ಪಣೆಯೂ ಇಲ್ಲದೆ ಅವು ತಾವಾಗಿಯೇ ಮಿಡಿಯುತ್ತವೆ. ಮೊದಮೊದಲು ಒಂದೊಂದಕ್ಕೆ ಒಂದೊಂದು ತಾಳ. ಒಂದಕ್ಕೊಂದು ಅಂಟಿಕೊಂಡ ಮೇಲೆ ಎಲ್ಲವೂ ಒಂದೇ ತಾಳಕ್ಕೆ ಬರುತ್ತವೆ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಅಯಾನುಗಳು ಜೀವಕೋಶದ ಪೊರೆಯ ಬಾಗಿಲುಗಳಿಂದ ಒಳಗೆ ಹೊರಗೆ ಹರಿದಾಡುವುದರಿಂದ ಹುಟ್ಟುವ ವಿದ್ಯುತ್ ಅಲೆ ಅದು. ನಮ್ಮ ಎದೆಯೊಳಗೂ ಕೋಟ್ಯಂತರ ಕೋಶಗಳು ಹೀಗೇ ಒಂದೇ ಅಲೆಗೆ ಕುಗ್ಗಿ ಹಿಗ್ಗುತ್ತವೆ, ಆಗ ರಕ್ತ ಮುಂದಕ್ಕೆ ಹೋಗುತ್ತೆ.

ಆ ತಾಳ ಕೆಟ್ಟರೆ? ಕೋಶಗಳು ಸತ್ತಿರುವುದಿಲ್ಲ, ಮಿಡಿಯುತ್ತಲೇ ಇರುತ್ತವೆ, ಆದರೆ ತಮತಮಗೆ ತೋಚಿದ ಹಾಗೆ. ಒಟ್ಟಾರೆ ಹೃದಯ ನಡುಗುತ್ತದೆಯೇ ಹೊರತು ರಕ್ತ ಚಿಮ್ಮುವುದಿಲ್ಲ. ಇದಕ್ಕೆ ಫಿಬ್ರಿಲೇಷನ್ ಅಂತಾರೆ. ಹೃದಯ ಸ್ತಂಭನ ಶುರುವಾಗುವುದು ಎಷ್ಟೋ ಸಲ ಹೀಗೆ. ಇದಕ್ಕೂ ಹೃದಯಾಘಾತಕ್ಕೂ ವ್ಯತ್ಯಾಸ ಇದೆ. ಹೃದಯಾಘಾತ ಅಂದರೆ ಹೃದಯಕ್ಕೆ ರಕ್ತ ಕೊಡುವ ನಾಳ ಕಟ್ಟಿಕೊಳ್ಳುವುದು. ಹೃದಯ ಬಡೀತಾ ಇರುತ್ತೆ, ರೋಗಿ ಮಾತಾಡ್ತಾ ಇರಬಹುದು. ಹೃದಯ ಸ್ತಂಭನದಲ್ಲಿ ಪಂಪೇ ನಿಂತಿರುತ್ತೆ, ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತೆ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಹುದು, ಆದರೆ ಎರಡೂ ಒಂದೇ ಅಲ್ಲ.

35 ದಾಟಿದವರಲ್ಲಿ ಬಹುಪಾಲು ಕಾರಣ ಹೃದಯದ ರಕ್ತನಾಳಗಳ ಕಾಯಿಲೆ. ಚಿಕ್ಕ ವಯಸ್ಸಿನವರಲ್ಲಿ ಹುಟ್ಟಿನಿಂದ ಬಂದ ಸ್ನಾಯುದೋಷ, ಅಯಾನು ಬಾಗಿಲುಗಳ ದೋಷ ಇಂಥವು ಕಾರಣವಾಗಬಹುದು. ಕೆಲವೊಮ್ಮೆ ಹೃದಯ ಪೂರ್ತಿ ಸರಿಯಿದ್ದರೂ, ಎರಡು ಬಡಿತಗಳ ನಡುವಿನ ಒಂದು ಸೂಕ್ಷ್ಮ ಗಳಿಗೆಯಲ್ಲಿ ಎದೆಗೆ ಪೆಟ್ಟು ಬಿದ್ದರೆ ತಾಳ ತಪ್ಪುತ್ತದೆ. ಅಮೆರಿಕನ್ ಫುಟ್‌ಬಾಲ್ ಆಟಗಾರ ಡಮಾರ್ ಹ್ಯಾಮ್ಲಿನ್ 2023ರ ಜನವರಿ 2ರಂದು ಸಿನ್ಸಿನಾಟಿಯಲ್ಲಿ ಬಿದ್ದದ್ದು ಇದೇ ಕಾರಣಕ್ಕೆ. ಅಲ್ಲೂ ಬಿದ್ದ ಜಾಗದಲ್ಲೇ ಸಿಪಿಆರ್ ಆಯ್ತು, ಡಿಫಿಬ್ರಿಲೇಟರ್ ಬಂತು. ಅದೇ ವರ್ಷ ಅವರು ಆಟಕ್ಕೆ ಮರಳಿದರು.

ಕಾರಣ ಯಾವುದೇ ಇರಲಿ, ಮೊದಲ ನಿಮಿಷಗಳ ಮದ್ದು ಮಾತ್ರ ಒಂದೇ. ಎದೆ ಒತ್ತುವುದರಿಂದ ಹೃದಯ ರಿಪೇರಿ ಆಗುವುದಿಲ್ಲ, ಆದರೆ ಮಿದುಳಿಗೆ ಅಷ್ಟಿಷ್ಟು ರಕ್ತ ಹೋಗ್ತಾ ಇರುತ್ತೆ. ಎಇಡಿ, ಅಂದರೆ ತಾನಾಗಿ ಪರೀಕ್ಷಿಸಿ ಆಘಾತ ಕೊಡುವ ಆ ಪುಟ್ಟ ಪೆಟ್ಟಿಗೆ, ಎಲ್ಲ ಕೋಶಗಳನ್ನೂ ಒಮ್ಮೆಗೇ ಸುಮ್ಮನಾಗಿಸುತ್ತೆ. ಆಮೇಲೆ ಹೃದಯದ ಸಹಜ ತಾಳ ಮತ್ತೆ ಹಿಡಿತಕ್ಕೆ ಬರಲು ಅವಕಾಶ ಸಿಗುತ್ತೆ. ಎರಡೂ ಇಲ್ಲದೆ ಹೋದರೆ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತೆ. ಆಂಬುಲೆನ್ಸ್ ಎಷ್ಟು ಬೇಗ ಬಂದರೂ ಎಂಟು ಹತ್ತು ನಿಮಿಷ. ಲೆಕ್ಕ ನೀವೇ ಹಾಕಿ.

ಈ ಲೆಕ್ಕ ಬರೀ ಬಾಯಿಮಾತಲ್ಲ. ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಬದುಕಿ ಮನೆಗೆ ಹೋಗುವವರು ಅಮೆರಿಕದಂಥ ದೇಶದಲ್ಲೂ ಹತ್ತರಲ್ಲಿ ಒಬ್ಬರು. ಆದರೆ ಲಾಸ್ ವೇಗಸ್‌ನ ಕ್ಯಾಸಿನೋಗಳಲ್ಲಿ ಎಇಡಿ ಇಟ್ಟು, ಸೆಕ್ಯೂರಿಟಿ ಸಿಬ್ಬಂದಿಗೆ ಕಲಿಸಿದಾಗ ಏನಾಯ್ತು ಅಂತ 2000ರಲ್ಲಿ ಒಂದು ಅಧ್ಯಯನ ಪ್ರಕಟವಾಯ್ತು. ಫಿಬ್ರಿಲೇಷನ್ ಆದವರಲ್ಲಿ, ಮೂರು ನಿಮಿಷದೊಳಗೆ ಆಘಾತ ಸಿಕ್ಕವರ ಪೈಕಿ ಶೇ. 74 ಜನ ಬದುಕಿದರು. ಮೂರು ನಿಮಿಷ ದಾಟಿದವರಲ್ಲಿ ಶೇ. 49. ಅಮೆರಿಕದಲ್ಲಿ ಎಇಡಿ ಇಟ್ಟಿದ್ದ 1,710 ಹೈಸ್ಕೂಲುಗಳನ್ನು ನೋಡಿದ ಇನ್ನೊಂದು ಅಧ್ಯಯನ 2009ರಲ್ಲಿ ಬಂತು. ಅಲ್ಲಿ ಹೃದಯ ನಿಂತ 36 ಜನರಲ್ಲಿ 23 ಮಂದಿ ಬದುಕಿದರು. ಇವರನ್ನು ಉಳಿಸಿದ ಮೊದಲ ಕೈಗಳು ದೊಡ್ಡ ಆಸ್ಪತ್ರೆಯವಲ್ಲ. ಕಾವಲುಗಾರರು, ಮೇಷ್ಟ್ರುಗಳು, ಕೋಚ್‌ಗಳು.

ಎರಿಕ್ಸನ್ ಬಿದ್ದ ದೇಶದ ಕಥೆಯನ್ನೂ ಹೇಳಬೇಕು. ಡೆನ್ಮಾರ್ಕಿನಲ್ಲಿ ಶಾಲೆಯಲ್ಲಿ ಸಿಪಿಆರ್ ಕಲಿಸಲು 2005ರಿಂದ ಶುರುಮಾಡಿದರು, ಮರುವರ್ಷ ಡ್ರೈವಿಂಗ್ ಲೈಸೆನ್ಸಿಗೂ ಕಡ್ಡಾಯ ಮಾಡಿದರು. 2001ರಲ್ಲಿ ಹೃದಯ ನಿಂತವರಿಗೆ ಪಕ್ಕದವರು ಸಿಪಿಆರ್ ಮಾಡಿದ್ದು ಶೇ. 21ರಷ್ಟು ಸಂದರ್ಭಗಳಲ್ಲಿ, 2010ಕ್ಕೆ ಅದು ಶೇ. 45. ಇದೇ ಅವಧಿಯಲ್ಲಿ ಮೂವತ್ತು ದಿನ ದಾಟಿ ಬದುಕಿದವರು ಶೇ. 3.5ರಿಂದ 10.8ಕ್ಕೆ ಏರಿದರು. ಸುಧಾರಣೆಗೆ ಬೇರೆ ಕಾರಣಗಳೂ ಇವೆ, ಆದರೆ ಮೂರು ಪಟ್ಟು ಅನ್ನುವುದು ಸಣ್ಣ ಮಾತಲ್ಲ.

"ಅದಕ್ಕಿಂತ ಮೊದಲೇ ಎಲ್ಲರಿಗೂ ಇಸಿಜಿ, ಎಕೋ ಮಾಡಿಸಿಬಿಟ್ಟರೆ ಆಯ್ತಲ್ವಾ?" ಅಂತ ನೀವು ಕೇಳಬಹುದು. ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಅದನ್ನೇ ಮಾಡಿತು. 1996ರಿಂದ 2016ರವರೆಗೆ 11,168 ಎಳೆಯ ಆಟಗಾರರಿಗೆ ಪೂರ್ತಿ ತಪಾಸಣೆ. ಅಪಾಯಕಾರಿ ದೋಷ ಇದ್ದ 42 ಮಂದಿ ಸಿಕ್ಕರು, ಅವರಿಗೆ ಖಂಡಿತ ಉಪಕಾರವಾಯ್ತು. ಆದರೆ ಮುಂದಿನ ವರ್ಷಗಳಲ್ಲಿ ಹೃದಯದ ಕಾರಣದಿಂದ ತೀರಿಕೊಂಡ ಎಂಟು ಜನರಲ್ಲಿ ಆರು ಮಂದಿಯ ತಪಾಸಣೆ 'ಎಲ್ಲ ಸರಿ ಇದೆ' ಅಂತ ಬಂದಿತ್ತು. ತಪಾಸಣೆ ಬೇಡ ಅಂತ ನಾನು ಹೇಳ್ತಿಲ್ಲ. ಆಡುವಾಗ ತಲೆತಿರುಗಿ ಬಿದ್ದಿದ್ದರೆ, ಎದೆ ನೋವು ಬಂದಿದ್ದರೆ, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹಠಾತ್ತನೆ ತೀರಿಕೊಂಡವರಿದ್ದರೆ, ಒಂದು ದಿನವೂ ತಡಮಾಡದೆ ವೈದ್ಯರನ್ನು ನೋಡಿ. ನಲವತ್ತರ ಮೇಲಿನವರು ಬಿಪಿ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿಕೊಳ್ಳಲೇಬೇಕು. ಆದರೆ ವರದಿ ಚೆನ್ನಾಗಿದೆ ಅಂತ ಎಇಡಿ ಬೇಡ ಅನ್ನುವುದು, ಬ್ರೇಕ್ ಚೆನ್ನಾಗಿದೆ ಅಂತ ಸೀಟ್ ಬೆಲ್ಟ್ ಬೇಡ ಅಂದ ಹಾಗೆ.

ಈಗ ನಮ್ಮ ವಿಷಯಕ್ಕೆ ಬರೋಣ. ಇಷ್ಟು ಹೊತ್ತು ಹೇಳಿದ್ದು ದೊಡ್ಡ ಆಟಗಾರರ ಕಥೆ. ಆದರೆ ಫ್ರಾನ್ಸಿನಲ್ಲಿ 2005ರಿಂದ 2010ರವರೆಗೆ ಆಟ, ವ್ಯಾಯಾಮದ ವೇಳೆ ಹೀಗಾದ 820 ಪ್ರಕರಣಗಳನ್ನು ಲೆಕ್ಕ ಹಾಕಿದಾಗ, ಸ್ಪರ್ಧೆಗಳಲ್ಲಿ ಆಡುವ ಯುವ ಆಟಗಾರರು ಬರೀ ಶೇ. 6. ಉಳಿದವರೆಲ್ಲ ಹವ್ಯಾಸಕ್ಕೆ ಓಡುವವರು, ಸೈಕಲ್ ಹೊಡೆಯುವವರು, ರಜೆ ದಿನ ಆಡುವವರು. ಸರಾಸರಿ ವಯಸ್ಸು 46, ಹೆಚ್ಚುಕಮ್ಮಿ ಎಲ್ಲರೂ ಗಂಡಸರು. ನಮ್ಮ ಕನ್ನಡ ಸಂಘಗಳ ಭಾನುವಾರದ ಕ್ರಿಕೆಟ್ ತಂಡವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ವಾರವೆಲ್ಲ ಕುರ್ಚಿಯಲ್ಲಿ ಕೂತು, ಭಾನುವಾರ ಏಕಾಏಕಿ ಫಾಸ್ಟ್ ಬೌಲಿಂಗ್! ಆ ಅಧ್ಯಯನದ ಇನ್ನೊಂದು ಅಂಕಿ ನನ್ನನ್ನು ಇವತ್ತಿಗೂ ಕಾಡುತ್ತೆ. ನೂರರಲ್ಲಿ 93 ಸಲ ಬಿದ್ದದ್ದನ್ನು ಯಾರಾದರೂ ನೋಡಿದ್ದರು. ಸಿಪಿಆರ್ ಶುರುಮಾಡಿದ್ದು ಮಾತ್ರ ಸುಮಾರು 31 ಸಲ. ಉಳಿದ ಕಡೆ ಜನ ನಿಂತು ನೋಡಿದರು.

ಯಾಕೆ ನಿಂತು ನೋಡ್ತೀವಿ? ಒಂದು, ಗುರುತಾಗುವುದಿಲ್ಲ. ಹೃದಯ ನಿಂತ ಮನುಷ್ಯ ಮೊದಲ ನಿಮಿಷಗಳಲ್ಲಿ ಗೊರಕೆಯ ಹಾಗೆ ಏದುಸಿರು ಬಿಡಬಹುದು, ಕೈಕಾಲು ಅದುರಬಹುದು. ನಮ್ಮ ಕಡೆ ತಕ್ಷಣ "ಫಿಟ್ಸ್ ಬಂತು, ಕೈಗೆ ಕಬ್ಬಿಣ ಕೊಡಿ, ಬೀಗದ ಕೈ ತನ್ನಿ, ನೀರು ಚಿಮುಕಿಸಿ" ಅಂತಾರೆ. ಆ ಗದ್ದಲದಲ್ಲೇ ಮೂರು ನಿಮಿಷ ಹೋಗಿರುತ್ತೆ. ಎರಡು, ಭಯ. "ನಾನು ಮುಟ್ಟಿ ಏನಾದರೂ ಹೆಚ್ಚುಕಡಿಮೆ ಆದರೆ?" ಪಕ್ಕೆಲುಬು ಮುರಿಯಬಹುದು, ನಿಜ. ಅದು ಕೂಡಿಕೊಳ್ಳುತ್ತೆ. ಆದರೆ ನಿಂತ ಹೃದಯಕ್ಕಿಂತ ಕೆಟ್ಟದ್ದನ್ನು ನೀವು ಮಾಡಲು ಸಾಧ್ಯವೇ ಇಲ್ಲ. ಎಇಡಿ ಕೂಡ ಬೇಡದವರಿಗೆ ಆಘಾತ ಕೊಡುವುದಿಲ್ಲ, ತಾನೇ ತಾಳ ನೋಡಿ ತೀರ್ಮಾನಿಸುತ್ತೆ. ಜರ್ಮನಿಯಲ್ಲಂತೂ ಅಪಾಯದಲ್ಲಿರುವವರಿಗೆ ನಮ್ಮ ಕೈಲಾದ ಸಹಾಯ ಮಾಡದೆ ಇರುವುದೇ ಅಪರಾಧ.

ಇಲ್ಲಿ ಡ್ರೈವಿಂಗ್ ಲೈಸೆನ್ಸ್ ಮಾಡಿಸಲು ಒಂದು ದಿನದ ಪ್ರಥಮ ಚಿಕಿತ್ಸೆಯ ತರಗತಿ ಕಡ್ಡಾಯ. ನಮ್ಮಲ್ಲಿ ಬಹಳಷ್ಟು ಜನ ಆ ಕೋರ್ಸ್ ಮಾಡಿದವರೇ. ನಾನೂ ಗೊಂಬೆಯ ಎದೆ ಒತ್ತಿ ಕಲಿತವಳು. ಎರಡು ನಿಮಿಷಕ್ಕೆ ಬೆವರು ಕಿತ್ತು ಬರುತ್ತೆ, ಹಾಗಾಗಿ ಕೈ ಬದಲಿಸಲು ಇನ್ನೊಬ್ಬರು ಬೇಕೇ ಬೇಕು. ಸರ್ಟಿಫಿಕೇಟ್ ಫೈಲಿಗೆ ಸೇರಿದ ಮೇಲೆ ಮಾತ್ರ ಯಾರೂ ಮತ್ತೆ ಗೊಂಬೆ ಮುಟ್ಟುವುದಿಲ್ಲ. ಆದರೆ ಕೈಗೆ ಮರೆವು ಬೇಗ ಬರುತ್ತೆ.

ಊರಿನ ಕಡೆಯೂ ಇದೇ ಪ್ರಶ್ನೆ ಇದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗ ನಮ್ಮೆಲ್ಲರ ಮನೆಗಳಿಂದಲೂ ಫೋನ್ ಬಂತು: "ಜಿಮ್ ಬಿಟ್ಬಿಡಪ್ಪ." 2025ರಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಬಂದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಸಾಲು ನಿಂತಿತು. ಲಸಿಕೆಯ ಮೇಲೂ ಗುಮಾನಿ ಎದ್ದಿತು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಪರಿಶೀಲಿಸಿ, ಹಾಸನದಲ್ಲಿ ಅಸಹಜ ಏರಿಕೆ ಕಂಡಿಲ್ಲ, ಲಸಿಕೆಗೂ ಇದಕ್ಕೂ ಸಂಬಂಧವಿಲ್ಲ ಅಂತ ಹೇಳಿತು. ಎರಿಕ್ಸನ್ ವಿಷಯದಲ್ಲೂ ಲಸಿಕೆಯ ವದಂತಿ ಹಬ್ಬಿತ್ತು, ಅವರು ಆಗ ಲಸಿಕೆಯನ್ನೇ ತಗೊಂಡಿರಲಿಲ್ಲ ಅಂತ ಅವರ ಕ್ಲಬ್ ತಿಳಿಸಬೇಕಾಯ್ತು. ಜಿಮ್ ಬಿಡುವುದು, ಸಾಲು ನಿಲ್ಲುವುದು, ಲಸಿಕೆ ಬೈಯುವುದು ಎಲ್ಲ ಮಾಡಿದೆವು. ಸಿಪಿಆರ್ ಕಲಿಯಲು ಎಲ್ಲೂ ಸಾಲು ನಿಲ್ಲಲಿಲ್ಲ. ನಿಯಮಿತವಾಗಿ ವ್ಯಾಯಾಮ ಮಾಡುವವರಿಗೆ ಒಟ್ಟಾರೆ ಅಪಾಯ ಕಡಿಮೆಯೇ, ಆದ್ದರಿಂದ ಜಿಮ್ ಬಿಡುವುದು ತಪ್ಪು ಪಾಠ.

ಪುನೀತ್ ಹೆಸರಿನಲ್ಲೇ ಕರ್ನಾಟಕದಲ್ಲಿ ಹೃದಯ ಜ್ಯೋತಿ ಯೋಜನೆ ಇದೆ. ಸಾರ್ವಜನಿಕ ಸ್ಥಳಗಳಲ್ಲಿ ಎಇಡಿ ಇಡುವ ಉದ್ದೇಶವೂ ಅದರಲ್ಲಿದೆ. ಒಳ್ಳೆಯ ಹೆಜ್ಜೆ. ಆದರೆ ಪೆಟ್ಟಿಗೆ ತಾನಾಗಿ ಎದ್ದು ಬರುವುದಿಲ್ಲ, ತೆಗೆದು ತರುವ ಕೈ ಬೇಕು. ಡೆನ್ಮಾರ್ಕಿನ ಹಾಗೆ ಹೈಸ್ಕೂಲಿನಲ್ಲೇ, ಲೈಸೆನ್ಸ್ ಕೊಡುವಾಗಲೇ ಕಲಿಸಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಸರ್ಕಾರ ಮಾಡುವವರೆಗೆ ಹೊರದೇಶದ ಕನ್ನಡ ಸಂಘಗಳು ಕಾಯಬೇಕಿಲ್ಲ. ಟೂರ್ನಮೆಂಟ್ ಅಂದರೆ ನಮಗೆ ಜೆರ್ಸಿ ಬೇಕು, ಟ್ರೋಫಿ ಬೇಕು, ಮೈಕ್ ಬೇಕು, ಮಧ್ಯಾಹ್ನಕ್ಕೆ ಬಿಸಿಬೇಳೆಬಾತ್ ಬೇಕು. ಇಷ್ಟಕ್ಕೂ ಪ್ರಾಯೋಜಕರು ಸಿಗ್ತಾರೆ. ಇಲ್ಲಿ ಒಂದು ಎಇಡಿಗೆ ಸಾವಿರದಿಂದ ಎರಡು ಸಾವಿರ ಯೂರೋ, ವರ್ಷಗಟ್ಟಲೆ ಬಾಳಿಕೆ. ನನ್ನ ಬೇಡಿಕೆ ಸರಳ: ಮೈದಾನದಲ್ಲಿ ಎಇಡಿ ಇಲ್ಲ, ಸಿಪಿಆರ್ ಬಲ್ಲ ಐದು ಜನ ಇಲ್ಲ ಅಂದರೆ ಟಾಸ್ ಹಾಕಬೇಡಿ. ಕೆಲವು ಕ್ರೀಡಾಂಗಣಗಳಲ್ಲಿ ಎಇಡಿ ಈಗಾಗಲೇ ಗೋಡೆಯ ಮೇಲಿರುತ್ತೆ. ಆ ಕೋಣೆಗೆ ಭಾನುವಾರ ಬೀಗ ಹಾಕಿದ್ದಾರಾ ಅಂತ ಮೊದಲೇ ನೋಡಿ. ಪೆಟ್ಟಿಗೆ ಆಯಾ ದೇಶದ ಭಾಷೆಯಲ್ಲಿ ಮಾತಾಡುತ್ತೆ, ಊರಿಂದ ಬಂದ ಅಪ್ಪ ಅಮ್ಮನಿಗೆ ಅರ್ಥವಾಗಲಿಕ್ಕಿಲ್ಲ. ಆದರೆ ಚಿತ್ರಗಳಿರುತ್ತವೆ, ಒಮ್ಮೆ ತೋರಿಸಿಕೊಡಿ.

ಜರ್ಮನಿಯಲ್ಲಿ ಇದನ್ನು ಮೂರೇ ಪದಗಳಲ್ಲಿ ಕಲಿಸುತ್ತಾರೆ. ಕನ್ನಡದಲ್ಲಿ ಹೇಳುವುದಾದರೆ: ನೋಡು, ಕರೆ, ಒತ್ತು. ನೋಡು: ಕೂಗಿದರೆ, ಭುಜ ಅಲುಗಿಸಿದರೆ ಎಚ್ಚರವಿಲ್ಲ, ಉಸಿರಾಟ ಸರಿಯಾಗಿಲ್ಲ, ಅಷ್ಟು ಸಾಕು, ನಾಡಿ ಹುಡುಕುತ್ತಾ ಕೂರಬೇಡಿ. ಕರೆ: ಯುರೋಪಿನಲ್ಲಿ 112, ಬ್ರಿಟನ್ನಿನಲ್ಲಿ 999, ಅಮೆರಿಕ, ಕೆನಡಾದಲ್ಲಿ 911, ಆಸ್ಟ್ರೇಲಿಯಾದಲ್ಲಿ 000, ಸಿಂಗಾಪುರದಲ್ಲಿ 995, ಯುಎಇಯಲ್ಲಿ 998, ಊರಲ್ಲಿ 108. ಫೋನ್ ಸ್ಪೀಕರಿಗೆ ಹಾಕಿ. "ಯಾರಾದರೂ ಎಇಡಿ ತನ್ನಿ" ಅನ್ನಬೇಡಿ, ಒಬ್ಬರನ್ನು ಹೆಸರಿಟ್ಟು ಕರೆದು ಓಡಿಸಿ. ಒತ್ತು: ಎದೆಯ ನಡುವೆ, ಎರಡೂ ಕೈ ಒಂದರ ಮೇಲೊಂದು, ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಬರದಿದ್ದರೆ ಬರೀ ಒತ್ತಿ. ಎಇಡಿ ಬಂದ ತಕ್ಷಣ ಆನ್ ಮಾಡಿ, ಅದು ಹೇಳಿದ ಹಾಗೆ ಮಾಡಿ. ಬಿದ್ದವರು ಹೆಂಗಸಾದರೆ ಮುಟ್ಟಲು ಜನ ಹಿಂಜರಿಯುತ್ತಾರೆ ಅಂತ ಅಧ್ಯಯನಗಳೇ ಹೇಳುತ್ತವೆ. ಆ ಸಂಕೋಚಕ್ಕೆ ಒಂದು ಜೀವದ ಬೆಲೆ ತೆರಬೇಡಿ.

ಇಷ್ಟೆಲ್ಲ ಮಾಡಿದರೂ ಎಲ್ಲರೂ ಉಳಿಯುತ್ತಾರೆ ಅಂತ ನಾನು ಮಾತು ಕೊಡಲಾರೆ. ಆದರೆ ಹತ್ತರಲ್ಲಿ ಒಬ್ಬರು ಬದುಕುವ ಜಾಗದಲ್ಲಿ ಐದಾರು ಮಂದಿ ಬದುಕಿದ ಕಡೆಗಳಿವೆ, ಅವರು ಅದನ್ನು ಹೇಗೆ ಮಾಡಿದರು ಅನ್ನುವುದು ಗುಟ್ಟೇನೂ ಅಲ್ಲ. ಈ ಸಂಚಿಕೆಯನ್ನು ನಿಮ್ಮ ಸಂಘದ ಕ್ರೀಡಾ ಸಮಿತಿಯವರಿಗೆ ಕಳಿಸಿ. ಮುಂದಿನ ಪಂದ್ಯ ಯಾವಾಗ ಅಂತ ಕೇಳುವ ಮೊದಲು, ಎಇಡಿ ಎಲ್ಲಿದೆ ಅಂತ ಕೇಳಿ. ಅವರ ಉತ್ತರ ಏನು ಬಂತು ಅಂತ ನಮಗೂ ಬರೆದು ತಿಳಿಸಿ, ಒಪ್ಪದಿದ್ದರೂ ಬರೆಯಿರಿ.

ಮತ್ತೆ ಸಿಗೋಣ. ನಮಸ್ಕಾರ.